ಅಪ್ಪನ ಕಾರಿನ ಕೆಮ್ಮು

ಬೇಕರಿಯಾಕೆಗೂ ಅವಳ ಅಣ್ಣನಿಗೂ ಅಂಗಡಿ ಒಂದೇ ಬೀದಿಯಲ್ಲಿ, ಹಠವೂ ಒಂದೇ ಅಚ್ಚಿನದು. ಈ ತುದಿಯಲ್ಲಿ ಅವಳ ಒಲೆ, ಆ ತುದಿಯಲ್ಲಿ ಅವನ ಗ್ಯಾರೇಜು. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಈ ಸಲದ ಮೊಲ ಅಂದರೆ ಅಪ್ಪನ ಹಳೆಯ ಕಾರು. ಅದರ ಹಿಂದಿನ ಸೀಟು ಕಿತ್ತು ಬ್ರೆಡ್ಡಿನ ತಟ್ಟೆಗಳಿಗೆ ಜಾಗ ಮಾಡಿದವರು ಅಪ್ಪನೇ. ಅವರು ಹೋದ ಮೇಲೆ ಬೇಕರಿಯ ಜೊತೆಗೆ ಕಾರೂ ಅವಳ ಪಾಲಿಗೆ ಬಂದಿತ್ತು. ಏರು ರಸ್ತೆಯಲ್ಲಿ ಅದು ಮುಗ್ಗರಿಸತೊಡಗಿದಾಗ ಅಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟ: ತಾನು ಇನ್ನು ಅದಕ್ಕೆ ಸ್ಪ್ಯಾನರ್ ಹಚ್ಚುವುದಿಲ್ಲ, ಇನ್ನೊಂದು ಸಲ ಕೈಕೊಟ್ಟರೆ ಗುಜರಿಗೆ. ಸಿಟ್ಟಿನ ಭರದಲ್ಲಿ ಅವಳೂ ಆಗಲಿ ಅಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಾಗಾಗಿ ರಜೆಯ ಮಧ್ಯಾಹ್ನ ತಾನೇ ತೋಳೇರಿಸಿ ನಿಂತಳು. ಹಿಟ್ಟು ಎಷ್ಟು ನಾದಬೇಕೆಂದು ಬಲ್ಲ ಕೈಗೆ ಬೋಲ್ಟು ಎಷ್ಟು ತಿರುವಬೇಕೆಂದು ತಿಳಿಯದೆ ಇರುತ್ತದೆಯೇ? ಬದಲಿಸಬೇಕಿದ್ದ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಗಾಳಿ ಎಳೆಯುವ ದಪ್ಪ ಕೊಳವೆ ಅಡ್ಡ ಬಂದಿತ್ತು. ಅದನ್ನು ಬಿಚ್ಚಿದಳು. ಎಂಜಿನ್ನಿನ ತೆರೆದ ಬಾಯಿಗೆ ಧೂಳು ಬೀಳದಂತೆ ಒಂದು ಬಟ್ಟೆ ಮುಚ್ಚಿದಳು. ಬಿಚ್ಚಿದ ಸ್ಕ್ರೂಗಳನ್ನು ಬನ್ನುಗಳ ಹಾಗೆ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದಳು. ಮಸಿ ಹಿಡಿದ ಹಳೆಯ ಪ್ಲಗ್ಗು ಹೋಗಿ ಹೊಸವು ಬಂದವು. ಎಲ್ಲ ಬಿಗಿದು ಕೀ ತಿರುವಿದರೆ ಕಾರು ತಕ್ಷಣ ಎದ್ದಿತು. ಮಕ್ಕಳಿಗೆ ಪಿಟೀಲು ಕಲಿಸುವ ಅವಳ ಗಂಡ ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದ.

ಚಪ್ಪಾಳೆ ಮುಗಿಯುವುದರೊಳಗೆ ಅವಳು ಆಕ್ಸಿಲರೇಟರ್ ಒತ್ತಿದಳು. ಕಾರು ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನಿಂತೇಹೋಯಿತು. ಮೊದಲು ಏರಿನಲ್ಲಿ ಮಾತ್ರ ಮುಗ್ಗರಿಸುತ್ತಿದ್ದ ಗಾಡಿ ಈಗ ಗೇಟನ್ನೂ ದಾಟಲೊಲ್ಲದು. ಮತ್ತೆ ಎಬ್ಬಿಸಿ ಕಾಲು ಒತ್ತದೆ ಬಿಟ್ಟರೆ ಮಾತ್ರ ಏನೂ ಆಗದ ಹಾಗೆ ಗುರುಗುಟ್ಟುತ್ತಿತ್ತು.

ಗಂಡ ಕಿವಿಗೊಟ್ಟು ಆಲಿಸಿ, ಶ್ರುತಿಯೇನೋ ಸರಿಯಾಗಿದೆ, ಪೆಟ್ರೋಲು ಕೆಟ್ಟಿರಬೇಕು ಅಂದ. ಪೆಟ್ರೋಲು ಬದಲಾಯಿತು, ಕೆಮ್ಮು ಬದಲಾಗಲಿಲ್ಲ. ಎದುರಿನ ಚಪ್ಪಲಿ ಅಂಗಡಿಯವನು ಬ್ಯಾಟರಿಯನ್ನು ದೂರಿದ. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಬಿಟ್ಟಿ ಸಲಹೆಗೆ ಬೀದಿಯಲ್ಲಿ ಬರವೇ? ಕೊನೆಗೆ ಅವಳೇ ಯೋಚಿಸಿದಳು: ತನ್ನ ಕೈ ಬಿದ್ದ ಮೇಲೆ ಬಂದ ರೋಗ, ತನ್ನ ಕೈಯದೇ ಇರಬೇಕು. ಮತ್ತೆ ಕೊಳವೆ ಬಿಚ್ಚಿ ಹಳೆಯ ಪ್ಲಗ್ಗು ಹಾಕಿ ನೋಡಿದಳು. ಅದೇ ಕೆಮ್ಮು. ಮತ್ತೆ ಬಿಚ್ಚಿ ಹೊಸದನ್ನೇ ಹಾಕಿದಳು. ಕಾರು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

ಸಂಜೆ ಅವಳಿಗೆ ಅಳುವೇ ಬಂತು. ಚಿಕ್ಕವಳಿದ್ದಾಗ ಬಿಸಿ ಬ್ರೆಡ್ಡಿನ ತಟ್ಟೆಗಳ ನಡುವೆ ಕೂತು ಅಪ್ಪನ ಜೊತೆ ಊರು ಸುತ್ತಿದ ಕಾರು ಅದು. ಅದು ಗುಜರಿಯವನ ತಕ್ಕಡಿಗೆ ಹೋದರೆ ಅಪ್ಪ ಇನ್ನೊಂದು ಸಲ ಹೋದ ಹಾಗೆ ಅನ್ನಿಸಿತು.

ಮರುದಿನ ಬೆಳಗ್ಗೆ ಅವಳು ಹಿಟ್ಟಿನ ತಟ್ಟೆಗಳನ್ನು ಉಬ್ಬಲು ಇಡುತ್ತಿರುವಾಗ, ಸುದ್ದಿ ಮುಟ್ಟಿದ್ದ ಅಣ್ಣ ಗುಜರಿಯವನನ್ನು ಕರೆದುಕೊಂಡು ಬಾಗಿಲಿಗೆ ಬಂದ. ಅವಳು ತಲೆ ಎತ್ತಲಿಲ್ಲ. ತಟ್ಟೆಗೊಂದು ಬಟ್ಟೆ ಮುಚ್ಚುತ್ತ ಹೋದಳು. ಕೊನೆಯ ತಟ್ಟೆಗೆ ಬಟ್ಟೆ ಇರಲಿಲ್ಲ. ನೀಲಿ ಗೆರೆಯ ಬಟ್ಟೆ ಎಲ್ಲಿ?

ಅವಳ ಕೈ ಅಲ್ಲೇ ನಿಂತಿತು. ಪ್ಲಗ್ಗು ಬದಲಿಸಲು ಪ್ರತಿ ಸಲ ಕೊಳವೆ ಬಿಚ್ಚಿದಾಗಲೂ ಅದು ಕಣ್ಣೆದುರೇ ಇತ್ತು. ಬಾಯಿ ಮುಚ್ಚಿದೆ, ಒಳ್ಳೆಯದಾಯಿತು ಅಂದುಕೊಂಡು ಅದರ ಮೇಲೆಯೇ ಕೊಳವೆ ಬಿಗಿದಿದ್ದಳು. ಮುಚ್ಚಿದ್ದೆಲ್ಲ ಸರಿಯಾಗಿದೆ ಎಂದು ನಂಬುವುದು ಅವಳ ಕಸುಬು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

ಹಿಟ್ಟಿನ ಕೈಯಲ್ಲೇ ಓಡಿ ಬಾನೆಟ್ ಎತ್ತಿ ಕೊಳವೆ ಬಿಚ್ಚಿದಳು. ಇಬ್ಬರ ಎದುರಿಗೇ ಬಟ್ಟೆಯನ್ನು ಎಳೆದಳು. ಕಾಲು ಒತ್ತಿದಾಗಲೆಲ್ಲ ಎಂಜಿನ್ ಅದನ್ನು ಹೀರಿ ಹೀರಿ ತನ್ನ ಗಂಟಲಿಗೆ ತಾನೇ ಬಿರಡೆ ಹಾಕಿಕೊಂಡಿತ್ತು. ಅಣ್ಣನಿಗೆ ನಕ್ಕು ನಕ್ಕು ನಿಲ್ಲಲಾಗಲಿಲ್ಲ, ಮೆಟ್ಟಿಲ ಮೇಲೆ ಕೂತುಬಿಟ್ಟ.

"ಅಪ್ಪನೂ ಇದನ್ನೇ ಮಾಡಿದ್ರು ಕಣೇ," ಅಂದ, ಕಣ್ಣೊರೆಸಿಕೊಳ್ಳುತ್ತ. "ಇದೇ ಕಾರು, ಇದೇ ಬಾಯಿ. ನೀನಿನ್ನೂ ತೊಟ್ಟಿಲಲ್ಲಿದ್ದೆ. ಬಟ್ಟೆ ಎಳೆದವನು ನಾನು. ನನ್ನ ಮಗ ಮೆಕ್ಯಾನಿಕ್ಕು ಅಂತ ಹೆಗಲ ಮೇಲೆ ಕೂರಿಸ್ಕೊಂಡು ಬೀದಿಯೆಲ್ಲ ಸುತ್ತಿದ್ರು."

ಆಮೇಲೆ ಅವನು ಎದ್ದು ಕಾರಿನ ಮೈ ಸವರಿದ. ಹಾಗಾದರೆ ಗುಜರಿಗೆ ಹಾಕಲು ಮನಸ್ಸಾದರೂ ಹೇಗೆ ಬಂತು ಎಂದು ಅವಳು ಕೇಳಿದಳು.

"ಏರಿನ ಮಧ್ಯೆ ಕೈಕೊಟ್ರೆ ನೀನೊಬ್ಬಳೇ ಏನ್ ಮಾಡ್ತೀಯ ಅಂತ ಭಯ," ಅಂದ ಅಣ್ಣ.

ಅವಳು ಗುಜರಿಯವನ ಕೈಗೆ ಎರಡು ಬನ್ನು ಕೊಟ್ಟು ಕಳಿಸಿ, ಕೊಳವೆ ಬಿಗಿದು, ಅಣ್ಣನನ್ನು ಪಕ್ಕದ ಸೀಟಿಗೆ ಹತ್ತಿಸಿ ಅವನ ತೊಡೆಯ ಮೇಲೆ ಒಂದು ಬ್ರೆಡ್ಡಿನ ತಟ್ಟೆ ಇಟ್ಟಳು. ಹೊಸ ಪ್ಲಗ್ಗಿನ ಕಾರು ಒಂದು ಮುಗ್ಗರಿಕೆಯೂ ಇಲ್ಲದೆ ಏರು ಹತ್ತಿತು. ಅಣ್ಣ ಕಿವಿ ನೆಟ್ಟಗೆ ಮಾಡಿ ಕೂತಿದ್ದ, ತಪ್ಪು ಹುಡುಕಲು ಏನೂ ಸಿಗಲಿಲ್ಲ.

ಮೇಲೆ ತಲುಪಿ ಗಾಡಿ ನಿಲ್ಲಿಸಿದಾಗ ಅವನು ಕೀ ಕಿತ್ತು, ಜೇಬಿಗೆ ತುರುಕಿಕೊಂಡಿದ್ದ ಮಸಿಯಾದ ನೀಲಿ ಗೆರೆಯ ಬಟ್ಟೆಯ ಮೂಲೆಗೆ ಅದನ್ನು ಗಂಟು ಹಾಕಿದ.

"ಮುಂದಿನ ಸಲ ಬಾಯಿ ಮುಚ್ಚೋವಾಗ ಹೀಗೆ ಕಟ್ಟು. ಬಟ್ಟೆ ತೆಗೀದೆ ಕೀ ಸಿಗಲ್ಲ, ಕೀ ಸಿಗದೆ ಗಾಡಿ ಏಳಲ್ಲ."

"ಮುಂದಿನ ಸಲ ಅಂದ್ಯಲ್ಲ," ಅಂದಳು ಅವಳು.

ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿ, ಮಾರುವುದಕ್ಕಿಟ್ಟಿದ್ದ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡ.