ಮುಂದಿನ ಸರದಿ ದೊಡ್ಡಮ್ಮನದು

ನಾನು ಹಲ್ಲಿನ ಕ್ಲಿನಿಕ್ ತೆರೆದ ಮೇಲೆ ಒಳಗೆ ಬಂದವರು ಒಬ್ಬರೇ. ಅವರೂ "ಡಾಕ್ಟ್ರು ಎಲ್ಲಿದ್ದಾರಮ್ಮಾ?" ಎಂದು ನನ್ನನ್ನೇ ಕೇಳಿ, ನಾನು "ನಾನೇ" ಎಂದ ಕೂಡಲೇ ನೋವು ವಾಸಿಯಾದವರಂತೆ ಮೆಟ್ಟಿಲಿಳಿದು ಹೋದರು. ತಿಂಗಳ ಕೊನೆಯವರೆಗೆ ಹೀಗೇ ನಡೆದರೆ ಬಾಗಿಲು ಹಾಕಿ, ಹಳೆಯ ಡಾಕ್ಟರ ಬಳಿ ಮತ್ತೆ ಜೊಲ್ಲು ಹೀರುವ ಕೊಳವೆ ಹಿಡಿದು ನಿಲ್ಲಬೇಕಿತ್ತು. ಅವರ ಇಕ್ಕಳ ನನ್ನ ಕೈಗೆ ಬರುತ್ತಿದ್ದುದು ತೊಳೆಯುವುದಕ್ಕೆ ಮಾತ್ರ.

"ಖಾಲಿ ಕುರ್ಚಿ ನೋಡಿ ಯಾರು ಬರ್ತಾರೆ? ನಾವೆಲ್ಲ ಬಂದು ಕೂರ್ತೀವಿ ಬಿಡು" ಎಂದಳು ದೊಡ್ಡಮ್ಮ.

ಅಂದಿನಿಂದ ನಮ್ಮ ಮನೆಯವರೇ ನನ್ನ ರೋಗಿಗಳು. ಬೆಳಿಗ್ಗೆ ಅಪ್ಪ ಪೇಪರ್ ಹಿಡಿದು ಕೂತರೆ, ಮಧ್ಯಾಹ್ನ ಚಿಕ್ಕಪ್ಪ ಗೊರಕೆ ಹೊಡೆಯುತ್ತಿದ್ದರು. ಸಂಜೆ ದೊಡ್ಡಮ್ಮನ ಪಾಳಿ. ಅವಳು ಸುಮ್ಮನೆ ಕೂರುವವಳಲ್ಲ. ಕೆನ್ನೆಗೆ ಕೈಯಿಟ್ಟು "ಅಯ್ಯಯ್ಯೋ" ಎಂದು ಎಷ್ಟು ನರಳುತ್ತಿದ್ದಳೆಂದರೆ, ಮಗುವಿನ ಕೈ ಹಿಡಿದು ಹತ್ತಿಬಂದ ಹೆಂಗಸೊಬ್ಬಳು ಬಾಗಿಲಿನಿಂದಲೇ ಓಡಿಹೋದಳು.

"ದೊಡ್ಡಮ್ಮ, ನರಳಬೇಡ."

"ನೋವಿಲ್ಲದೆ ಹಲ್ಲಿನ ಡಾಕ್ಟ್ರ ಹತ್ರ ಯಾರೇ ಕೂರ್ತಾರೆ? ನಿಂಗೆ ಇದೆಲ್ಲ ಗೊತ್ತಾಗಲ್ಲ."

ನನಗೆ ಗೊತ್ತಾಗಿದ್ದು ಬೇರೆಯೇ ಇತ್ತು. ನನಗಾಗಿ ಎಲ್ಲರೂ ಬೆನ್ನು ನೋಯುವಷ್ಟು ಹೊತ್ತು ಕೂತರು, ಬಾಯಿ ಮಾತ್ರ ಯಾರೂ ತೆರೆಯಲಿಲ್ಲ. ವಾಕಿಂಗಿಗೆ ಹೋಗಿದ್ದೆ ಎಂದ ಅಪ್ಪನ ಹಲ್ಲಿನಲ್ಲಿ ಹಳೆಯ ಡಾಕ್ಟರು ತುಂಬಿದ ಹೊಸ ಸಿಮೆಂಟು ಮಿಂಚುತ್ತಿತ್ತು. ನಾನು ಕಂಡೂ ಕಾಣದವಳಂತಿದ್ದೆ. ಪ್ರೀತಿಗೇನೂ ಕೊರತೆಯಿಲ್ಲ, ನಂಬಿಕೆಯದೇ ತಾಪತ್ರಯ ಎಂದು ರಾತ್ರಿ ದಿಂಬಿಗೆ ಹೇಳಿಕೊಂಡೆ.

ಮರುದಿನ ಸಂಜೆ ಬಸ್ ಡ್ರೈವರ್ ಒಬ್ಬರು ಬಂದರು. ಖಾಕಿ ಅಂಗಿ, ಇಡೀ ಬಾಗಿಲು ತುಂಬುವ ಮೈ, ಮುಖದಲ್ಲಿ ಹೆದರಿಕೆ. ನರಳುತ್ತ ಕೂತಿದ್ದ ದೊಡ್ಡಮ್ಮ ಬಿಡುತ್ತಾಳೆಯೆ?

"ಕೂತ್ಕೊಳ್ಳಪ್ಪಾ. ನಮ್ಮ ಡಾಕ್ಟ್ರಮ್ಮನ ಕೈ ಅಂದ್ರೆ ಹೂವು! ಹಲ್ಲು ಕಿತ್ತಿದ್ದೇ ಗೊತ್ತಾಗಲ್ಲ. ನಾನು ಬೇರೆಯವರ ಹತ್ರ ಹೋಗೋದೇ ಇಲ್ಲ."

ನಾನು ಹೊರಬಂದು "ಬನ್ನಿ ಸಾರ್" ಎಂದೆ.

ಡ್ರೈವರ್ ಏಳಲಿಲ್ಲ. "ಛೆ, ಅಮ್ಮನವರು ಮೊದಲು ಬಂದಿದ್ದಾರೆ. ಕ್ಯೂ ಅಂದ್ರೆ ಕ್ಯೂ."

"ನಂದೇನು ಅವಸರ ಇಲ್ಲಪ್ಪ, ನೀನು ಹೋಗು."

"ಇಷ್ಟು ನರಳ್ತಾ ಇದ್ದೀರಿ! ನಿಮ್ಮನ್ನ ಬಿಟ್ಟು ನಾನು ಹೋದ್ರೆ ನಂಗೆ ಒಳ್ಳೇದಾಗುತ್ತಾ? ಇಲ್ಲಾಂದ್ರೆ ನಾನು ನಾಳೆ ಬರ್ತೀನಿ ಬಿಡಿ." ಅವರು ಸಂತೋಷದಿಂದಲೇ ಎದ್ದು ನಿಂತರು.

ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ಅವಳ ಕೆನ್ನೆ ನೋಡಿದೆ. ಕೈ ತೆಗೆದಿದ್ದರೂ ಒಂದು ಕಡೆ ಊದಿಯೇ ಇತ್ತು.

"ದೊಡ್ಡಮ್ಮ," ಎಂದೆ ಮೆಲ್ಲಗೆ, "ನರಳಿದ್ದೆಲ್ಲ ನಾಟಕ ಅಲ್ಲ ಅಲ್ವಾ?"

"ಶನಿವಾರ ಹಳೇ ಡಾಕ್ಟ್ರ ಹತ್ರ ಹೋಗೋಣ ಅಂತಿದ್ದೆ ಕಣೆ," ಎಂದು ನನ್ನ ಕಿವಿಯಲ್ಲಿ ಉಸುರಿದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿ, ಕೈಗವಸು ಹಾಕಿಕೊಂಡು, "ಮುಂದಿನ ಸರದಿ ಯಾರದು?" ಎಂದು ಗಟ್ಟಿಯಾಗಿ ಕೂಗಿದೆ. ಡ್ರೈವರ್ ದೊಡ್ಡಮ್ಮನ ಕಡೆ ಬೆರಳು ತೋರಿಸಿದರು.

ಅವಳು ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಕೊನೆಗೂ ಬಾಯಿ ತೆರೆದಳು. ದವಡೆ ಹಲ್ಲೊಂದು ಪೂರಾ ಹುಳುಕಾಗಿ ಅಲ್ಲಾಡುತ್ತಿತ್ತು. ಸೂಜಿ ಚುಚ್ಚಿ ಜೋಮು ಹಿಡಿಯಲು ಬಿಟ್ಟೆ. ಇಕ್ಕಳ ಕೈಗೆತ್ತಿಕೊಂಡೆ. ಈ ಸಲ ತೊಳೆಯುವುದಕ್ಕಲ್ಲ.

"ಯಾವಾಗ ಕೀಳ್ತೀಯೇ?" ಎಂದಳು ತೊದಲುತ್ತ.

ಆಗಲೇ ಕಿತ್ತಿದ್ದ ಹಲ್ಲನ್ನು ತಟ್ಟೆಯಲ್ಲಿ ತೋರಿಸಿದೆ. ಅವಳು ಅದನ್ನೂ ನನ್ನನ್ನೂ ಮೊದಲ ಸಲ ಕಂಡವಳಂತೆ ನೋಡಿದಳು. ಮಾತಾಡಲು ಹೊರಟವಳ ಬಾಯಿಗೆ ಹತ್ತಿಯುಂಡೆ ಇಟ್ಟು ಕಚ್ಚಿಸಿದೆ.

ಹೊರಗೆ ಡ್ರೈವರ್, "ನೋವಾಯ್ತಾ ಅಮ್ಮಾ?" ಎಂದು ಕೇಳಿದ್ದು ನನಗೆ ಕೇಳಿಸಿತು. ಉತ್ತರ ಕೇಳಿಸಲಿಲ್ಲ. ದೊಡ್ಡಮ್ಮ ಅಷ್ಟು ಹೊತ್ತು ಸುಮ್ಮನಿದ್ದುದು ನನ್ನ ಜನ್ಮದಲ್ಲಿ ಅದೇ ಮೊದಲು. ಏನು ಸನ್ನೆ ಮಾಡಿದಳೋ, ಡ್ರೈವರ್ ಒಳಗೆ ಬಂದು ಕೂತು, ನಾನು ಹೇಳುವ ಮೊದಲೇ ಬಾಯಿ ತೆರೆದರು.