ದಿನಕ್ಕೊಂದು ತಪ್ಪು

ಆ ಮನೆಯ ಮಗನಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ತಲೆ ಸುತ್ತು. ಸೊಸೆಗೆ ಸ್ಟೇರಿಂಗ್ ಸಿಕ್ಕರೆ ಊಟ ನಿದ್ದೆಯ ಹಂಬಲವಿಲ್ಲ. ಮೂವತ್ತೊಂದು ವರ್ಷ ಟ್ರೇಲರ್ ಲಾರಿ ಓಡಿಸಿ ಮಂಡಿ ಸವೆಸಿಕೊಂಡಿದ್ದ ಮಾವ, ತಮ್ಮ ವಿದ್ಯೆ ತಮ್ಮ ಜೊತೆಗೇ ಮಣ್ಣಾಗುತ್ತದೆ ಎಂದು ಕೈಚೆಲ್ಲಿ ಕೂತಿದ್ದಾಗ ಈ ಸೊಸೆ ಮನೆಗೆ ಬಂದಳು. ಎರಡನೇ ವರ್ಷ ಒಂದು ದಿನ ಊಟ ಬಡಿಸುತ್ತಾ, "ಮಾವ, ನಂಗೆ ದೊಡ್ಡ ಗಾಡಿ ಓಡಿಸೋದು ಕಲಿಸ್ತೀರಾ?" ಎಂದು ಕೇಳಿದಳು. ಮಾವನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಹೊಲಿಗೆ ಯಂತ್ರದ ಮುಂದಿದ್ದ ಮಗ ತಲೆಯೆತ್ತದೆ, "ಕಲಿಸಪ್ಪ. ಇಬ್ಬರಲ್ಲಿ ಒಬ್ಬರಾದ್ರೂ ನಿನ್ನ ಮಾತು ಕೇಳಿದ ಹಾಗಾಗುತ್ತೆ" ಎಂದ.

ಅತ್ತೆ ಮಾತ್ರ ಮೂಗು ಮುರಿದರು. ಸೊಸೆ ಲಾರಿ ಓಡಿಸುತ್ತಾಳೆ ಎಂಬುದಕ್ಕಲ್ಲ, ಕಲಿಸುವವರು ತಮ್ಮ ಗಂಡ ಎಂಬುದಕ್ಕೆ. "ಇವರ ಕೈಗೆ ಸಿಕ್ಕಿದ್ರೆ ಮುಗೀತು, ಮಗೂನ ಅರೆದು ಹಿಟ್ಟು ಮಾಡ್ತಾರೆ" ಎಂದರು.

ಅರೆದದ್ದು ನಿಜವೇ. ಲಾರಿಗಳು ನಿಲ್ಲುವ ಯಾರ್ಡಿನಲ್ಲಿ ಮಾವನಿಗೆ ಈಗ ತಪಾಸಣೆಯ ಕೆಲಸ. ಡ್ರೈವರ್ ತನ್ನ ಗಾಡಿಯನ್ನು ಪೂರ್ತಿ ಒಂದು ಸುತ್ತು ಬಂದು ನೋಡಬೇಕು, ಆಮೇಲೆ ಮಾವ ಗೇಟ್ ಪಾಸಿಗೆ ಸಹಿ ಹಾಕಬೇಕು. ಅದಿಲ್ಲದೆ ಯಾವ ಗಾಡಿಯೂ ಗೇಟು ದಾಟುವ ಹಾಗಿಲ್ಲ. ಟೈರು ಬಡಿದು ನೋಡುವ ಮರದ ಸುತ್ತಿಗೆ ಸದಾ ಅವರ ಕಂಕುಳಲ್ಲಿ ಇರುತ್ತಿದ್ದುದರಿಂದ ಯಾರ್ಡಿನವರೆಲ್ಲ ಅವರನ್ನು ಸುತ್ತಿಗೆ ಮೇಷ್ಟ್ರು ಎನ್ನುತ್ತಿದ್ದರು. ಬೆನ್ನ ಹಿಂದೆ ಬೇರೆ ಹೆಸರುಗಳೂ ಇದ್ದವು. ಅವು ಇಲ್ಲಿ ಬೇಡ.

ಸೊಸೆಗೆ ಅವರು ಕಲಿಸಿದ ಸುತ್ತು ಇದು: ಲಾರಿಯ ಮೂತಿಯಿಂದ ಶುರು, ಎಡಗಡೆ ಉದ್ದಕ್ಕೂ ಹಿಂದಕ್ಕೆ, ಟ್ರೇಲರಿನ ಬೆನ್ನು, ಬಲಗಡೆಯಿಂದ ಮತ್ತೆ ಮುಂದಕ್ಕೆ, ಕೊನೆಗೆ ಡ್ರೈವರ್ ಬಾಗಿಲು. ಪ್ರತಿ ಟೈರಿಗೂ ಒಂದು ಪೆಟ್ಟು, ಪ್ರತಿ ನಟ್ಟಿಗೂ ಒಂದು ನೋಟ. ಗಾಳಿ ಸರಿಯಿದ್ದ ಟೈರು ಸುತ್ತಿಗೆಯನ್ನು ಪುಟಿಸಿ ಕಳಿಸುತ್ತದೆ, ಗಾಳಿ ಇಳಿದದ್ದು ದಬ್ ಎಂದು ಸುಮ್ಮನಾಗುತ್ತದೆ. ಇಷ್ಟನ್ನು ಯಾವ ಮೇಷ್ಟ್ರು ಬೇಕಾದರೂ ಕಲಿಸಿಯಾರು. ಮಾವನ ಮಸಲತ್ತು ಬೇರೆಯೇ ಇತ್ತು. ಅವರು ದಿನಾ ಸೊಸೆಗಿಂತ ಅರ್ಧ ಗಂಟೆ ಮೊದಲೇ ಯಾರ್ಡಿಗೆ ಹೋಗಿ, ಅವಳ ಗಾಡಿಯಲ್ಲಿ ಗೊತ್ತಾಗದ ಹಾಗೆ ಒಂದು ತಪ್ಪು ಇಟ್ಟು ಬರುತ್ತಿದ್ದರು. ಒಂದು ದಿನ ಚಕ್ರದ ಒಂದು ನಟ್ಟು ಅರ್ಧ ಸುತ್ತು ಸಡಿಲ. ಇನ್ನೊಂದು ದಿನ ನಂಬರ್ ಪ್ಲೇಟಿಗೆ ಮೆತ್ತಿದ ಕೆಸರು. ಮತ್ತೊಂದು ದಿನ ಕಂಟೇನರಿನ ಮೂಲೆ ಹಿಡಿಯುವ ಬೀಗ ಅರ್ಧ ಮಾತ್ರ ತಿರುಗಿರುತ್ತಿತ್ತು. ಸಿಕ್ಕರೆ ಸಹಿಯೂ ಉಂಟು, ಅವರು ಚಹಾದ ಜೊತೆಗೆ ತಿನ್ನುವ ಬನ್ನಿನಲ್ಲಿ ಅರ್ಧವೂ ಉಂಟು. ಸಿಗದಿದ್ದರೆ ಅವತ್ತು ಗಾಡಿ ಹೊರಡುವುದಿಲ್ಲ.

ಆರು ತಿಂಗಳಲ್ಲಿ ಅವಳಿಗೆ ಸಿಗದೆ ಹೋದದ್ದು ಮೂರೇ ಸಲ. ಆ ಮೂರು ದಿನ ಸುಡುಬಿಸಿಲಲ್ಲಿ ಕೂತು ಅವಳು ಬೇರೆಯವರ ಗಾಡಿಯ ಚಕ್ರ ತೊಳೆದಿದ್ದಳು. ತೊಳೆಯುತ್ತಾ ಮಾವನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡಿದ್ದಳು. ಸಂಜೆ ಅದೇ ಮಾವ ಅವಳ ಅಂಗೈಯ ಬೊಬ್ಬೆ ನೋಡಿ ತಾವೇ ಮುಲಾಮು ಹಚ್ಚಿದಾಗ, ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದಳು. ಹುಟ್ಟಿದ ಮನೆಯಲ್ಲಿ ಅವಳ ಮೇಲೆ ಯಾರೂ ಇಷ್ಟು ಹೊತ್ತು ಖರ್ಚು ಮಾಡಿರಲಿಲ್ಲ. ಅದಕ್ಕೇ ಅವರೆಂದರೆ ಅವಳಿಗೆ ಪ್ರಾಣ.

ಇಷ್ಟು ದಿನ ಪಕ್ಕದ ಸೀಟಿನಲ್ಲಿ ಮಾವ ಇರುತ್ತಿದ್ದರು. ಇವತ್ತು ಅವಳು ಒಬ್ಬಳೇ ಹೊರಡುವ ಮೊದಲನೇ ದಿನ. ತುಂಬಿದ ಕಂಟೇನರನ್ನು ಬಂದರಿಗೆ ಮುಟ್ಟಿಸಬೇಕು. ದಾರಿ ದೂರವೇನಲ್ಲ, ಆದರೆ ಅರ್ಧ ದಾರಿ ಇಳಿಜಾರು, ಇಳಿಜಾರಿನ ತುಂಬ ತಿರುವು.

ಬೆಳಗ್ಗೆ ಏಳಕ್ಕೆ ಅವಳು ದೀಪಗಳನ್ನೆಲ್ಲ ಹಾಕಿ, ಸುತ್ತಿಗೆ ಹಿಡಿದು ಸುತ್ತು ಶುರು ಮಾಡಿದಳು. ಮೂತಿ ಆಯಿತು, ಎಡಗಡೆ ಆಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಏನೂ ಸಿಗಲಿಲ್ಲ. ಟ್ರೇಲರಿನ ಬೆನ್ನಿಗೆ ಬಂದಾಗ ನೋಡಿದಳು, ಬಲತುದಿಯ ಕೆಂಪು ದೀಪ ಉರಿಯುತ್ತಿಲ್ಲ. ಬಗ್ಗಿದರೆ, ವೈರು ಕಳಚಿ ನೇತಾಡುತ್ತಿದೆ. ಅವಳಿಗೆ ನಗು ಬಂತು. ವೈರು ಸಿಕ್ಕಿಸಿದಳು, ದೀಪ ಹತ್ತಿತು. ಬಲಗಡೆಯ ಟೈರುಗಳನ್ನು ಕೈಯಲ್ಲೇ ತಟ್ಟಿಕೊಂಡು ಬಂದು, ಮರದ ಪೆಟ್ಟಿಗೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದ ಮಾವನ ಮುಂದೆ ನಿಂತಳು.

"ಸಿಕ್ತು ಮಾವ."

"ಏನು ಸಿಕ್ತು?"

"ಹಿಂದಿನ ಕೆಂಪು ದೀಪ. ವೈರು ಬಿಚ್ಚಿದ್ರಲ್ಲ, ಸಿಕ್ಕಿಸಿ ಬಂದೆ. ಇವತ್ತಾದ್ರೂ ಸ್ವಲ್ಪ ಕಷ್ಟದ್ದು ಇಡಬಾರ್ದಿತ್ತಾ? ಇಷ್ಟು ಸುಲಭದ್ದಕ್ಕೆ ಅರ್ಧ ಬನ್ನು ತಿನ್ನೋಕೆ ನಂಗೇ ನಾಚಿಕೆ."

ಮಾವ ಜೇಬಿಂದ ತೆಗೆದ ಪೆನ್ನಿನ ಮುಚ್ಚಳ ಬಿಚ್ಚಲಿಲ್ಲ. ಚಹಾದ ಲೋಟ ಕೆಳಗಿಟ್ಟರು.

"ನಾನು ಇವತ್ತು ಏನೂ ಇಟ್ಟಿಲ್ಲಮ್ಮ."

"ಸುಮ್ನಿರಿ ಮಾವ."

"ನಿಜವಾಗ್ಲೂ ಇಟ್ಟಿಲ್ಲ. ನಿನ್ನೆ ಊಟ ಆದ್ಮೇಲೆ ನಿಮ್ಮತ್ತೆ ನನ್ನ ಕೂರಿಸ್ಕೊಂಡು ಜಗಳ ಆಡಿದ್ಲು. ನಾಳೆ ಮಗು ಒಬ್ಬಳೇ ಹೋಗ್ತಾಳೆ, ಅದೊಂದಿನ ನಿಮ್ಮ ಚೇಷ್ಟೆ ಬೇಡ, ನೆಮ್ಮದಿಯಾಗಿ ಹೋಗ್ಲಿ ಅಂದ್ಲು. ನಂಗೂ ಸರಿ ಅನ್ನಿಸ್ತು. ಈ ಗಾಡಿ ಹತ್ರಾನೇ ಹೋಗಿಲ್ಲ ನಾನು."

ಹಾಗಾದರೆ ಆ ವೈರು ತಾನಾಗಿಯೇ ಕಳಚಿದ್ದು. ಅವಳ ನಗು ಅರ್ಧಕ್ಕೇ ನಿಂತಿತು.

"ದೀಪ ಸಿಕ್ಕಿದ್ಮೇಲೆ ಬಲಗಡೆ ಏನೇನು ನೋಡ್ದೆ?" ಎಂದು ಮಾವ ಕೇಳಿದರು. ದನಿಯಲ್ಲಿ ಗದರಿಕೆ ಇರಲಿಲ್ಲ.

ಅವಳು ತಿರುಗಿ ಗಾಡಿಯ ಬಲಗಡೆ ನೋಡಿದಳು. ಮಾವನ ಇಸ್ತ್ರಿ ಮಾಡಿದ ಅಂಗಿ ನೋಡಿದ್ದು ನೆನಪಿತ್ತು, ಕಾಗದದಲ್ಲಿ ಸುತ್ತಿದ ಬನ್ನು ನೋಡಿದ್ದು ನೆನಪಿತ್ತು. ಬಲಗಡೆಯ ಒಂದು ಟೈರೂ ನೆನಪಿರಲಿಲ್ಲ. ಇವತ್ತೊಂದೇ ದಿನವೂ ಅಲ್ಲ. ತಪ್ಪು ಸಿಕ್ಕ ಮೇಲೆ ಉಳಿದ ಸುತ್ತು ಬರೀ ನಡಿಗೆ ಆಗಿಹೋಗಿ ಎಷ್ಟು ದಿನವಾಗಿತ್ತೋ. ಒಂದೇ ಇರುತ್ತದೆ ಎಂದು ಗೊತ್ತಿದ್ದ ಮೇಲೆ ಎರಡನೆಯದನ್ನು ಯಾರು ಹುಡುಕುತ್ತಾರೆ?

ಮಾವನಿಗೂ ಅದು ಅದೇ ಗಳಿಗೆಯಲ್ಲಿ ಹೊಳೆದಿರಬೇಕು. ಮುಖ ಚಿಕ್ಕದಾಯಿತು. "ನಿಂದಲ್ಲಮ್ಮ, ಇದು ನಂದು. ಇಷ್ಟು ದಿನ ನಾನು ಟ್ರೇಲರ್ ನೋಡೋದು ಕಲಿಸಿಲ್ಲ. ನಾನೇನು ಇಟ್ಟಿದೀನಿ ಅಂತ ಹುಡುಕೋದು ಕಲಿಸಿದೀನಿ" ಎಂದರು. ಏಳಲು ಹೋದರು.

"ನೀವು ಕೂತಿರಿ ಮಾವ. ನಾನೇ ನೋಡ್ಬೇಕು."

ಅವಳು ಮತ್ತೆ ಮೂತಿಯಿಂದ ಶುರು ಮಾಡಿದಳು. ಎಡಗಡೆ ಪೂರ್ತಿ, ಬೆನ್ನು ಪೂರ್ತಿ. ಬಲಗಡೆಯ ಪ್ರತಿ ಟೈರಿಗೂ ಸುತ್ತಿಗೆಯ ಪೆಟ್ಟು ಹಾಕಿ ಕಿವಿಗೊಟ್ಟಳು. ಎಲ್ಲ ಸರಿಯಿದ್ದವು. ಕೊನೆಗೆ ಲಾರಿಯೂ ಟ್ರೇಲರೂ ಕೂಡುವ ಜಾಗಕ್ಕೆ ಬಂದಳು. ಟ್ರೇಲರಿನ ಹೊಟ್ಟೆಯಡಿ ಕಿಂಗ್‌ಪಿನ್ ಎಂಬ ಮುಷ್ಟಿಗಾತ್ರದ ಉಕ್ಕಿನ ಗೂಟ ಇರುತ್ತದೆ. ಲಾರಿಯ ಬೆನ್ನ ಮೇಲಿನ ದವಡೆ ಅದನ್ನು ಕಚ್ಚಿ ಹಿಡಿದುಕೊಳ್ಳಬೇಕು. ಹಿಡಿದಿದ್ದರೆ ಬಲಗಡೆಯ ಹಿಡಿಕೆ ಪೂರ್ತಿ ಒಳಗಿರುತ್ತದೆ. ಈ ಹಿಡಿಕೆ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿತ್ತು. ಅವಳು ನೆಲಕ್ಕೆ ಮಲಗಿ ಟಾರ್ಚು ಬಿಟ್ಟಳು. ದವಡೆ ಬಾಯಿ ತೆರೆದುಕೊಂಡೇ ಇತ್ತು.

"ಮಾವ" ಎಂದು ಕರೆದಳು.

ಮಾವ ಕುಂಟುತ್ತಾ ಬಂದರು. ಮಂಡಿಯನ್ನೂ ಲೆಕ್ಕಿಸದೆ, ಎಣ್ಣೆ ಮೆತ್ತಿದ ನೆಲದಲ್ಲಿ ಆ ಇಸ್ತ್ರಿ ಅಂಗಿಯಲ್ಲೇ ಅವಳ ಪಕ್ಕ ಮಲಗಿ ನೋಡಿದರು. ಬೆಳಗ್ಗೆ ಟ್ರೇಲರನ್ನು ಲಾರಿಗೆ ಜೋಡಿಸಿದವನು ಯಾರೋ ಅವಸರದಲ್ಲಿ ಎಳೆದು ನೋಡದೆ ಹೋಗಿದ್ದ. ಸಮನೆಲದಲ್ಲಿ ಟ್ರೇಲರ್ ಸುಮ್ಮನೆ ಹಿಂದೆ ಬಂದರೂ ಬಂದೀತು. ಇಳಿಜಾರಿನ ತಿರುವಿನಲ್ಲಿ ಲಾರಿಯಿಂದ ಕಳಚಿಕೊಂಡು ಬಿಡುತ್ತಿತ್ತು. ಮಾವ ಅವಳ ತಲೆಯ ಮೇಲೆ ಕೈಯಿಟ್ಟರು.

ಆಮೇಲೆ ಕೆಲಸ. ಟ್ರೇಲರನ್ನು ಎತ್ತಿ ಹಿಡಿಯುವ ಉಕ್ಕಿನ ಕಾಲುಗಳನ್ನು ಇಳಿಸಿ, ಲಾರಿಯನ್ನು ತುಸು ಮುಂದಕ್ಕೆ ತೆಗೆದು, ಅವಳು ಮೆಲ್ಲಗೆ ಹಿಂದಕ್ಕೆ ತಂದಳು. ದವಡೆ ಠಕ್ಕೆಂದು ಕಚ್ಚಿತು, ಹಿಡಿಕೆ ಒಳಗೆ ಹೋಯಿತು. ಟ್ರೇಲರಿನ ಬ್ರೇಕು ಬಿಗಿದಿದ್ದಂತೆಯೇ ಎರಡು ಸಲ ಮುಂದಕ್ಕೆ ಎಳೆದು ನೋಡಿದಳು. ಅಲುಗಾಡಲಿಲ್ಲ. ಕಾಲುಗಳನ್ನು ಎತ್ತಿದಳು. ಮತ್ತೆ ಮಲಗಿ ಟಾರ್ಚು ಬಿಟ್ಟಳು.

ಮಾವ ಸಹಿ ಹಾಕಿದರು. "ನಾಳೆಯಿಂದ ಏನೂ ಇಡಲ್ಲಮ್ಮ. ನನ್ನ ಜಾಣತನ ಸಾಕು" ಎಂದರು.

"ಇಡಿ ಮಾವ. ಒಂದಿನ ಮೂರು ಇಡಿ, ಒಂದಿನ ಏನೂ ಇಡಬೇಡಿ. ಎಷ್ಟು ಅಂತ ಮಾತ್ರ ನಂಗೆ ಗೊತ್ತಾಗಬಾರ್ದು." ಪಾಸು ತೆಗೆದುಕೊಂಡು, ಅವರ ಅಂಗಿಯ ಕಲೆ ಕಂಡು, "ಅತ್ತೆಗೆ ಏನು ಹೇಳ್ತೀರಿ?" ಎಂದು ಕೇಳಿದಳು.

"ನೀನೇ ಬಂದು ಹೇಳು. ನಾನು ಹೇಳಿದ್ರೆ ಇವತ್ತು ನಂಗೆ ಊಟ ಇಲ್ಲ." ಬನ್ನನ್ನು ಇವತ್ತು ಮುರಿಯದೆ ಇಡಿಯಾಗಿ ಅವಳ ಕೈಗಿಟ್ಟರು.

ಇಳಿಜಾರನ್ನು ಅವಳು ಮೊದಲ ಗೇರಿನಲ್ಲಿ, ಹಿಂದಿನವರ ಹಾರ್ನಿಗೆ ಕಿವುಡಾಗಿ ಇಳಿದಳು. ಕನ್ನಡಿಯಲ್ಲಿ ಟ್ರೇಲರ್ ಪ್ರತಿ ತಿರುವಿಗೂ ಅವಳ ಹಿಂದೆಯೇ ಬಂತು. ಬಂದರಿನಲ್ಲಿ ಕಂಟೇನರ್ ಇಳಿಸಿ, ಖಾಲಿ ಟ್ರೇಲರಿನ ಪಕ್ಕ ನಿಂತಿದ್ದಾಗ ಫೋನು ಬಂತು. ಅತ್ತೆ.

"ತಲುಪಿದ್ಯಾಮ್ಮ?"

"ತಲುಪ್ದೆ ಅತ್ತೆ."

"ಅವರು ಏನೂ ಚೇಷ್ಟೆ ಮಾಡ್ಲಿಲ್ಲ ತಾನೆ?"

"ಇಲ್ಲ ಅತ್ತೆ. ಏನೂ ಇಟ್ಟಿರ್ಲಿಲ್ಲ."

"ಪರವಾಗಿಲ್ಲ, ಮಾತು ಉಳಿಸ್ಕೊಂಡಿದಾರೆ. ಗಾಡಿ ಗೀಡಿ ನಂಗೇನೂ ತಿಳಿಯಲ್ಲಮ್ಮ. ಮೊದಲನೇ ದಿನ ನೀನು ನೆಮ್ಮದಿಯಾಗಿ ಹೋಗ್ಲಿ ಅಂತ ಹೇಳ್ದೆ, ಅಷ್ಟೆ."

ಸೊಸೆ ಟ್ರೇಲರಿಗೆ ಕೈಯಾನಿಸಿಕೊಂಡಳು. ಅತ್ತೆ ಆ ಜಗಳ ಆಡದೆ ಇದ್ದಿದ್ದರೆ ಮಾವ ಇವತ್ತೂ ಒಂದು ತಪ್ಪು ಇಡುತ್ತಿದ್ದರು. ಅವಳು ಅದನ್ನು ಹುಡುಕಿ ನಗುತ್ತಿದ್ದಳು, ಅವರು ನಗುತ್ತಾ ಸಹಿ ಹಾಕುತ್ತಿದ್ದರು. ಆ ಹಿಡಿಕೆ ನಾಲ್ಕು ಬೆರಳು ಹೊರಗೆ ಚಾಚಿಕೊಂಡೇ ಇಳಿಜಾರಿಗೆ ಹೋಗುತ್ತಿತ್ತು. ಗಾಡಿಯ ಒಂದು ಭಾಗದ ಹೆಸರೂ ತಿಳಿಯದ ಈ ಹೆಂಗಸಿಗೆ ಅದನ್ನೆಲ್ಲ ಫೋನಿನಲ್ಲಿ ಹೇಗೆ ಹೇಳುವುದು?

"ಯಾಕಮ್ಮ ಸುಮ್ನಾದೆ? ಅಳ್ತಿದೀಯಾ?"

"ಇಲ್ಲ ಅತ್ತೆ. ಮನೆಗೆ ಬಂದು ನಿಮ್ಮ ಪಕ್ಕ ಕೂತು ಹೇಳ್ತೀನಿ."

"ಹಾಗಾದ್ರೆ ಬೇಗ ಬಾ."

"ಬೇಗ ಬರಲ್ಲ ಅತ್ತೆ" ಎಂದು ಅವಳು ಕಣ್ಣೊರೆಸಿಕೊಂಡು ಸುತ್ತಿಗೆ ಎತ್ತಿಕೊಂಡಳು. "ಒಂದು ಸುತ್ತು ನೋಡ್ಕೊಂಡು ಬರ್ತೀನಿ."