ಟ್ಯಾಕ್ಸಿಯ ಬೆನ್ನಿಗೆ

"ಕಾರಿನ ಕೀ ಕೊಡಿ" ಎಂದು ಅವಳು ಮತ್ತೆ ಕೇಳಿದಾಗ ಗಂಡ ನಕ್ಕ. ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಅವಳ ಸಹೋದ್ಯೋಗಿಗಳೂ ನಕ್ಕರು.

"ಟ್ಯಾಕ್ಸಿ ಬುಕ್ ಮಾಡಿದ್ದೀನಲ್ಲ. ನಿನ್ನ ಮಾತು ನಾನೇ ಕೇಳದೆ ಇನ್ಯಾರು ಕೇಳ್ಬೇಕು?"

ಮಧ್ಯಾಹ್ನದ ಊಟ ಅವಳ ಗೌರವಾರ್ಥವೇ ಏರ್ಪಾಡಾಗಿತ್ತು. ಫೋನಿನಲ್ಲಿ ಕರೆಯುವ ಟ್ಯಾಕ್ಸಿಗಳು ಬಂದಮೇಲೆ ಕುಡಿದು ಗಾಡಿ ಓಡಿಸುವುದು ಕಡಿಮೆಯಾಗಿದೆಯೇ ಎಂದು ಅವಳು ವರದಿ ಬರೆದಿದ್ದಳು. ಕೆಲವು ಊರುಗಳಲ್ಲಿ ಆಗಿರಬಹುದು, ಕೆಲವು ಕಡೆ ಏನೂ ಆಗಿಲ್ಲ, ಖಚಿತವಾಗಿ ಹೇಳಲಾಗದು ಎಂದಿದ್ದಳು. ಅದನ್ನು ವಿಭಾಗದ ಮುಖ್ಯಸ್ಥರು ಬೆಳಿಗ್ಗೆ ವೇದಿಕೆಯಲ್ಲಿ "ಕಡಿಮೆಯಾಗಿದೆ" ಎಂಬ ಒಂದು ಮಾತಿಗೆ ಇಳಿಸಿದರು. ಚಪ್ಪಾಳೆ ಬಿತ್ತು. ಅವಳೂ ತಟ್ಟಿದಳು. ಆಮೇಲೆ ಬಾಟಲಿಗಳು ಬಂದವು.

ಟ್ಯಾಕ್ಸಿಗೆ ಅವಳೂ ಊಟಕ್ಕೆ ಜೊತೆಗೆ ಬಂದಿದ್ದ ಅತ್ತೆಯೂ ಹತ್ತಿದರು. ಗಂಡ ಬಾಗಿಲು ಹಾಕಿ, ಚಾಲಕನ ಕಿಟಕಿಗೆ ಬಗ್ಗಿ, "ತಿರುಗೋ ಮುಂಚೆ ಇಂಡಿಕೇಟರ್ ಹಾಕಪ್ಪ, ನಾನು ಹಿಂದೇನೇ ಬರ್ತೀನಿ" ಎಂದು ಹೇಳಿ ತನ್ನ ಕಾರಿನ ಕಡೆ ನಡೆದ. ತೂರಾಡುತ್ತಿರಲಿಲ್ಲ. ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುತ್ತಿದ್ದ.

ಇದು ಅವನ ಪದ್ಧತಿ. ಕುಡಿದ ದಿನ ಹೆಂಡತಿಯನ್ನೂ ತಾಯಿಯನ್ನೂ ಟ್ಯಾಕ್ಸಿಯಲ್ಲಿ ಕೂರಿಸಿ, ಅದರ ಬೆನ್ನು ಹಿಡಿದು ತಾನು ಕಾರು ಓಡಿಸಿಕೊಂಡು ಮನೆ ಸೇರುವುದು. ದಾರಿ ತಪ್ಪುವುದಿಲ್ಲ, ಕಾರನ್ನು ಕಂಡವರ ಬೀದಿಯಲ್ಲಿ ಬಿಡಬೇಕಿಲ್ಲ, ಮನೆಯವರು ಕ್ಷೇಮ. ಗೆಳೆಯರೂ ಈ ಉಪಾಯ ಕಲಿತುಬಿಟ್ಟಿದ್ದರು. ಅವಳಿಗೆ ಕಾರು ಓಡಿಸಲು ಬರುತ್ತಿತ್ತು. ಕೀ ಮಾತ್ರ ಕೈಗೆ ಬರುತ್ತಿರಲಿಲ್ಲ.

ಈ ಸವಾರಿಯೂ ತನ್ನ ವರದಿಯ ಲೆಕ್ಕಕ್ಕೆ ಸೇರುವಂಥದ್ದೇ ಎನ್ನಿಸಿ ಅವಳ ಮೈಯೆಲ್ಲ ಉರಿಯಿತು. ಬಾರಿನ ಬಾಗಿಲಿಂದ ಹೊರಟ ಒಂದು ಟ್ಯಾಕ್ಸಿ ಎಂದರೆ ರಸ್ತೆಗಿಳಿಯದ ಒಂದು ಕಾರು ಎಂದೇ ಅವಳು ಎಣಿಸಿದ್ದಳು. ತನ್ನ ಮನೆಯಲ್ಲಿ ನಡೆಯುವುದು ಬೇರೆ ಮನೆಗಳಲ್ಲೂ ನಡೆದೀತು ಎಂದು ಅವಳ ಪದವಿಗಳಿಗೆ ಹೊಳೆದಿರಲಿಲ್ಲ.

"ಸ್ವಲ್ಪ ನಿಧಾನ ಹೋಗಪ್ಪ" ಎಂದರು ಅತ್ತೆ ಚಾಲಕನಿಗೆ. "ಹಿಂದೆ ನಮ್ಮ ಹುಡುಗ ಬರ್ತಿದ್ದಾನೆ."

"ನಿಮ್ಮ ಹುಡುಗ ಕುಡಿದಿದ್ದಾರೆ" ಎಂದಳು ಅವಳು.

"ಕುಡಿದ್ರೇನು? ಇವತ್ತಿನವರೆಗೂ ಒಂದು ನಾಯಿ ಮೇಲೂ ಹತ್ತಿಸಿಲ್ಲ ನನ್ನ ಮಗ."

"ಹಾಗಾದ್ರೆ ನೀವು ಅವರ ಕಾರಲ್ಲೇ ಕೂರಬಹುದಿತ್ತಲ್ಲ?"

ಅತ್ತೆ ಸೆರಗು ಸರಿಮಾಡಿಕೊಂಡರು. "ನನಗೆ ಎಸಿ ಗಾಳಿ ಆಗಲ್ಲ."

ಟ್ಯಾಕ್ಸಿಯಲ್ಲೂ ಎಸಿ ಹಾಕಿತ್ತು.

"ಜೋರಾಗಿ ಓಡಿಸಿ" ಎಂದಳು ಚಾಲಕನಿಗೆ. "ಅವರಿಗೆ ನಾವು ಕಾಣಬಾರದು. ಕಾಣದಿದ್ರೆ ಎಲ್ಲಾದರೂ ನಿಲ್ತಾರೆ."

ಅವನು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ, ಯಾರ ಮಾತು ಕೇಳುವುದೆಂದು ತಿಳಿಯದೆ, ಕೊನೆಗೆ ವೇಗ ಹೆಚ್ಚಿಸಿದ. ಅವಳು ತಿರುಗಿ ನೋಡಿದಳು. ಗಂಡನ ಕಾರೂ ವೇಗ ಹೆಚ್ಚಿಸಿ, ಬಸ್ಸೊಂದನ್ನು ಎಡದಿಂದ ಹಿಂದಿಕ್ಕಿ ಬಂತು. ಸ್ಕೂಟರಿನಲ್ಲಿದ್ದ ಹೆಂಗಸೊಬ್ಬಳು ಫುಟ್‌ಪಾತಿಗೆ ಹತ್ತಿ ಹೇಗೋ ಉಳಿದುಕೊಂಡಳು.

"ಬೇಡ, ನಿಧಾನ" ಎಂದಳು. ತನ್ನ ಬಾಯಿಂದ ಅತ್ತೆಯ ಮಾತೇ ಬಂದದ್ದು ಕೇಳಿ ಅಸಹ್ಯವಾಯಿತು. "ಇಲ್ಲೇ ನಿಲ್ಲಿಸಿ."

ಟ್ಯಾಕ್ಸಿ ಬದಿಗೆ ನಿಂತಿತು. ಹಿಂದೆ ಒಂದಿಷ್ಟೇ ಜಾಗ ಬಿಟ್ಟು ಗಂಡನ ಕಾರೂ ನಿಂತಿತು. ಅವಳು ಇಳಿದು ಹೋಗಿ ಗಾಜು ತಟ್ಟಿದಳು.

"ಏನಾಯ್ತು? ಯಾಕೆ ನಿಂತ್ರಿ?" ಎಂದ ಅವನು ಗಾಜು ಇಳಿಸಿ.

"ಒಬ್ಬಳು ಈಗ ಸಾಯ್ತಿದ್ದಳು. ನೋಡಿದ್ರಾ?"

"ಯಾರು?"

ಅವನು ನಿಜವಾಗಿಯೂ ನೋಡಿರಲಿಲ್ಲ. ಅವಳು ಕೀಗೆ ಕೈ ಹಾಕಿದಳು. ಅವನು ಆ ಕೈಯನ್ನು ಮೆಲ್ಲಗೆ ತೆಗೆದು ಹೊರಗಿಟ್ಟು, "ಮನೇಲಿ ಮಾತಾಡೋಣ" ಎಂದು ಗಾಜು ಏರಿಸಿದ. ಮೆಲ್ಲಗೆ ತೆಗೆದದ್ದೇ ಅವಳಿಗೆ ತಡೆಯಲಾಗಲಿಲ್ಲ. ಹೊಡೆದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವಳು ಟ್ಯಾಕ್ಸಿಗೆ ಮರಳಲಿಲ್ಲ. ಎರಡು ಗಾಡಿಗಳ ನಡುವೆ ಹೋಗಿ, ಕಾರಿನ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ನಿಂತಳು. ಹಿಂದಿನಿಂದ ಹಾರ್ನುಗಳು ಶುರುವಾದವು. ಯಾರೋ ಕೆಟ್ಟದಾಗಿ ಬೈದರು. ಟ್ಯಾಕ್ಸಿಯಿಂದ ಅತ್ತೆ, "ಬಾಮ್ಮ, ಜನ ನೋಡ್ತಿದ್ದಾರೆ" ಎಂದು ಕರೆದರು. ಅವಳು ಕದಲಲಿಲ್ಲ. ಬೈಗುಳ ತಾಳದೆ ಚಾಲಕ ಟ್ಯಾಕ್ಸಿಯನ್ನು ಮುಂದಕ್ಕೆ ಬಿಟ್ಟ.

ಗಂಡನ ಕಣ್ಣು ಅವಳನ್ನು ದಾಟಿ ಟ್ಯಾಕ್ಸಿಯ ಹಿಂದೆ ಹೋಯಿತು. ಅವಳು ಮುಷ್ಟಿ ಕಟ್ಟಿ ಬಾನೆಟ್ಟಿಗೆ ಬಲವಾಗಿ ಗುದ್ದಿದಳು. ಮುಂದೆ ಬರಬಹುದು ಎಂಬ ಸೂಚನೆ ಎಂದುಕೊಂಡನೋ ಏನೋ, ಅವನು ತಲೆಯಾಡಿಸಿ ಕ್ಲಚ್ ಬಿಟ್ಟ.

ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಕಾರು ಅಷ್ಟೇ ಮುಂದೆ ಬಂತು. ಮತ್ತೆ ಗುದ್ದಿದಳು. ಅವನು ಮತ್ತೆ ತಲೆಯಾಡಿಸಿದ. ಬದಿಗೆ ಸರಿದರೆ ಅವನು ಹೊರಟೇಬಿಡುತ್ತಾನೆಂದು, ಹಿಂದೆ ಏನಿದೆಯೆಂದೂ ನೋಡದೆ ಅವಳು ಹಿಂದಕ್ಕೆ ನಡೆಯುತ್ತಲೇ ಇದ್ದಳು. ಅವನು ನಗುತ್ತ, ಒಂದು ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು, ಇನ್ನೂ ಸ್ವಲ್ಪ ಬೇಗ ಎಂದು ಇನ್ನೊಂದು ಕೈಯಲ್ಲಿ ಸನ್ನೆ ಮಾಡುತ್ತಿದ್ದ.